ಇನೆಜಳ ಹಾಡಿನ ನಿಜ

ಒಮಾಹಾ
ಮೇ ೧೮, ೧೯೫೮

ಪ್ರೀತಿಯ ಮಗಳು ಇನೆಜ್‌ಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೈದುಕೊಳ್ಳಬೇಡ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದು ಹೋಗಿ ಹಿತ್ತಲಿನ ಟೊಮೇಟೊ ಸಸಿಗಳಿಗೆ ನೀರು ಹಾಕಿದೆ. ಪಾಪ, ಅವು ಕೊಳೆಯುವ ಹಾಗಾಗಿವೆ.

ನಾನು ಆರೋಗ್ಯ. ನಿನ್ನಮ್ಮ ಸೆಲ್ಮಾ ತೀರಿಹೋಗಿ, ನಮ್ಮ ಕುಣಿತದ ಬ್ಯಾಂಡೂ ನಿಂತ ಮೇಲೆ ಈ ಮುದುಕ ಏನು ಮಾಡುತ್ತಾನೋ ಎಂದು ನಿನಗೆ ಚಿಂತೆಯಿತ್ತಲ್ಲ? ಇಪ್ಪತ್ತೆರಡು ವರ್ಷ ಹನ್ನೆರಡು ಜನರನ್ನು ಬಸ್ಸಿನಲ್ಲಿ ತುಂಬಿಕೊಂಡು, ಇವತ್ತು ಅಯೋವಾ, ನಾಳೆ ಡಕೋಟಾ ಎಂದು ಊರೂರು ಕುಣಿಸಿದವನಿಗೆ ದಿನವೂ ಅದೇ ಮಂಚದಿಂದ ಏಳುವುದೇ ದೊಡ್ಡ ಸುಖ. ನಲವತ್ತು ಹಾಡು ಮಾಡಿದೆ. ಒಂದನ್ನು ಬಿಟ್ಟು ಮಿಕ್ಕವನ್ನು ಜನ ಮರೆತರು. ನನಗೂ ಅರ್ಧ ಮರೆತಿದೆ, ಬೇಸರವಿಲ್ಲ.

ನಿನ್ನ ಮದುವೆಗೆ ಬ್ಯಾಂಡ್ ಮತ್ತೆ ಸೇರುತ್ತಿದೆ. ಟ್ರಾಂಬೋನ್ ಊದುತ್ತಿದ್ದ ಹಾರ್ಲನ್, ಈಗ ಕ್ಷೌರದಂಗಡಿ ಇಟ್ಟಿದ್ದಾನಲ್ಲ, ನಮ್ಮ ಬ್ಯಾಂಡಿನ ಹಳೆಯ ಬಿಳಿ ಕೋಟು ತೊಟ್ಟು ಅಭ್ಯಾಸಕ್ಕೆ ಬಂದ. ಗುಂಡಿ ಕಾಜದ ಹತ್ತಿರವೂ ಸುಳಿಯಲಿಲ್ಲ.

"ಏನೋ, ಕೋಟು ಒಗೆದು ಕುಗ್ಗಿಸಿಬಿಟ್ಯಾ?" ಅಂದೆ.

"ಸುಮ್ನಿರಪ್ಪ ಯಜಮಾನ! ನೀನು ಹಾಕಿದ ತಂಗಳು ಬ್ರೆಡ್ಡು ತಿಂದು ತಿಂದು ಸೊರಗಿದ್ದೆ. ಈಗ ಹೆಂಡ್ತಿ ಕೈ ಅಡುಗೆ ಉಣ್ತಿದೀನಿ. ಊದೋದು ಬಾಯಲ್ಲಿ ತಾನೇ, ಗುಂಡಿ ಯಾಕೆ ಬೇಕು?" ಅಂದ.

'ಇನೆಜಳ ಹಾಡು' ನುಡಿಸುವ ಮೊದಲು ಆ ಕಥೆ ಹೇಳಲೇಬೇಕು ಎಂದು ಬರೆದಿದ್ದೀಯ. ನೀನು ಹುಟ್ಟಿದೆಯೆಂದು ತಂತಿ ಬಂದಾಗ ಓಡುವ ಬಸ್ಸಿನಲ್ಲೇ ಲಕೋಟೆಯ ಹಿಂದೆ ಅದನ್ನು ಬರೆದೆನೆಂಬ ಕಥೆ. ಅದನ್ನು ಹೇಳದೆ ನಾನು ಯಾವ ಕುಣಿತವನ್ನೂ ಮುಗಿಸಿದವನಲ್ಲ. ಜನ ಕಣ್ಣೊರೆಸಿಕೊಂಡು ಕುಣಿಯುತ್ತಿದ್ದರು. ಆ ವಿಷಯ ಕೆಳಗೆ ಬರೆಯುತ್ತೇನೆ.

ನಿಮ್ಮಿಬ್ಬರ ಬಾಳು ತಾಳ ತಪ್ಪದಿರಲಿ. ತಪ್ಪಿದರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಮುಂದುವರಿಯಿರಿ. ನಮ್ಮ ಬ್ಯಾಂಡ್ ಹಾಗೇ ಬಾಳಿದ್ದು.

ನಿನ್ನ ಅಪ್ಪ,
ಆರ್ವಿಲ್ ಲಿಂಡಾಲ್

ತಾ.ಕ.: ಆ ಕಥೆ ಸುಳ್ಳು, ಮಗಳೇ. ಹಾಡು ನಿನ್ನಮ್ಮನದು. ನೀನು ಹುಟ್ಟಿ ಆರು ವಾರದ ಮೇಲೆ ನಾನು ಮನೆಗೆ ಬಂದೆ. ಸೆಲ್ಮಾ ಅಡುಗೆಮನೆಯಲ್ಲಿ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಅದನ್ನು ಗುನುಗುತ್ತಿದ್ದಳು. ನಾನು ಬರೆದುಕೊಂಡೆ, ಅಷ್ಟೆ. ನಮ್ಮ ಕಸುಬಿನಲ್ಲಿ ಹಾಡು ಯಾರೇ ಮಾಡಲಿ, ಬ್ಯಾಂಡಿನ ಯಜಮಾನನ ಹೆಸರು ಹಾಕುವುದು ರೂಢಿ. ಅವಳೂ ನಕ್ಕು, "ಹಾಕ್ಕೊಳ್ರೀ, ನನ್ನ ಹೆಸರು ನೋಡಿ ಯಾರು ಕುಣೀತಾರೆ?" ಅಂದಳು. ಹಾಡಿನ ಮೇಲಿನ ಹೆಸರನ್ನು ಅವಳೇ ಬಿಟ್ಟುಕೊಟ್ಟಳು. ಬಸ್ಸಿನ ಕಥೆಯನ್ನು ನಾನೇ ಹೆಣೆದೆ. ಮೊದಲ ಸಲ ಅದನ್ನು ಹೇಳಿದಾಗ ಅವಳು ಎದುರಿಗೇ ಕೂತಿದ್ದಳು. ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದಳು. ಆಮೇಲೆ ಸಾಯುವ ತನಕ ಆ ಹಾಡು ಗುನುಗಲಿಲ್ಲ.

ಮದುವೆಯಲ್ಲಿ ಇದನ್ನೇ ಹೇಳುತ್ತೇನೆ. ನಿನಗೆ ಬೇಡವೆನಿಸಿದರೆ ಒಂದು ಸಾಲು ಬರಿ, ನಾನು ಊದುವ ಟ್ರಂಪೆಟ್ ಮನೆಯಲ್ಲೇ ಬಿಟ್ಟು ಬರುತ್ತೇನೆ. ಬೇಕೆಂದರೆ, ಕುಣಿಯುವವರಿಗಾಗಿ ಇಷ್ಟು ವರ್ಷ ಚುರುಕು ತಾಳದಲ್ಲಿ ಓಡಿಸಿದ ಆ ಹಾಡನ್ನು ಅವಳು ಗುನುಗಿದಷ್ಟೇ ನಿಧಾನವಾಗಿ ನುಡಿಸುತ್ತೇನೆ. ಅದಕ್ಕೆ ಕುಣಿಯಲಾಗುವುದಿಲ್ಲ. ನೀವಿಬ್ಬರೂ ಸುಮ್ಮನೆ ನಿಂತು ಕೇಳಿ.