ಕೆಂಪು ನರದ ಎಲೆ

ಅಪ್ಪನಿಗೆ ನಮಸ್ಕಾರ.

ನೀವು ಕಳಿಸಿದ ಕೆಮ್ಮಿನ ಸೊಪ್ಪಿನ ಚೀಲ ಸೋಮವಾರ ತಲುಪಿತು. ನಿಮ್ಮ ಗಂಟು ಬಿಚ್ಚಲು ಇಬ್ಬರು ಹೆಣಗಿದೆವು! ನಮ್ಮ ಲ್ಯಾಬಿನಲ್ಲಿ ಪರೀಕ್ಷೆಗೆ ಕೊಡುವ ಮೊದಲು ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡುವವಳು ನಾನೇ ತಾನೆ. ಮೂರು ದಿನದಿಂದ ಒಣಗಿಸುವ ಕೋಣೆಯ ತುಂಬ ನಮ್ಮ ಹಿತ್ತಲಿನ ವಾಸನೆ. ಮಧ್ಯಾಹ್ನ ಫ್ಯಾನಿನ ಗಾಳಿಗೆ ಎಲೆಗಳು ಪಿಸುಗುಡುವಾಗ ಕಣ್ಣೆಳೆದು, ಎಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ.

ಪುಡಿ ಮಾಡುವ ಮುಂಚೆ ಬಿಳಿ ತಟ್ಟೆಯಲ್ಲಿ ಒಂದೊಂದೇ ಎಲೆ ಆರಿಸಬೇಕು. ಆರಿಸಿದೆ. ಅರ್ಧದಷ್ಟು ಬೇರೆ ಗಿಡದವು. ಆಕಾರ ಅದೇ, ಬೆರಳಿಗೆ ನುಣುಪೂ ಅದೇ. ನರ ಮಾತ್ರ ಕೆಂಪು.

"ನಿಮ್ಮಪ್ಪ ಕಿತ್ತ ಸೊಪ್ಪಲ್ಲಿ ಕಲಬೆರಕೆನಾ?" ಎಂದು ಲ್ಯಾಬಿನ ಮೇಡಂ ಬೆರಗಾದರು. "ಚೀಲ ಕಟ್ಟೋವಾಗ ಬೆರೆತಿರಬೇಕು ಮೇಡಂ, ಬೇರೆ ತರಿಸ್ತೀನಿ" ಅಂದುಬಿಟ್ಟೆ.

ನಿಮ್ಮ ಕಣ್ಣಿನ ಮಾತು ನೀವಾಗಿ ಎತ್ತುವ ತನಕ ನಾನೂ ಎತ್ತುವುದಿಲ್ಲ. ಭಾನುವಾರ ಬರುತ್ತೇನೆ, ಇಬ್ಬರೂ ಸೇರಿ ಕೀಳೋಣ. ಅಲ್ಲಿಯವರೆಗೆ ಯಾರಿಗೂ ಆ ಸೊಪ್ಪಿನ ಕಷಾಯ ಕೊಡಬೇಡಿ. ಇದೊಂದು ಮಾತು ನಡೆಸಿಕೊಡಿ.

ಜೊತೆಗೆ ಎರಡು ಎಲೆ ಇಟ್ಟಿದ್ದೇನೆ. ತೊಟ್ಟಿಗೆ ದಾರ ಸುತ್ತಿರುವುದು ನಮ್ಮದು. ಎರಡನ್ನೂ ಉಜ್ಜಿ ಮೂಸಿ ನೋಡಿ; ಇನ್ನೊಂದಕ್ಕೆ ವಾಸನೆಯೇ ಇಲ್ಲ. ಚಿಕ್ಕಂದಿನಲ್ಲಿ ನನ್ನ ಕಣ್ಣಿಗೆ ಟವೆಲ್ ಕಟ್ಟಿ, "ಮೂಗನ್ನ ಕೇಳು ಪುಟ್ಟಿ, ಅದು ಹೇಳುತ್ತೆ" ಅನ್ನುತ್ತಿದ್ದಿರಲ್ಲ, ಹಾಗೆ.

ಅಕ್ಷರಗಳನ್ನು ಬೆರಳುದ್ದ ಬರೆದಿದ್ದೇನೆ. ಓದಿಸಲು ಅಮ್ಮನನ್ನು ಕರೆಯಬೇಕಾಗಿಲ್ಲ.

ನಿಮ್ಮ
ಪುಟ್ಟಿ