ಸಕ್ಕರೆ ಕೊಟ್ಟ ಕಣ್ಣು

ಮಾರ್ಚ್ 4, ಬೆಳಗ್ಗೆ

ಮಾತ್ರೆ ನುಂಗಿದೆ. ಒಂದೇ. ಡಾಕ್ಟರ್ ಬರೆದುಕೊಟ್ಟಿದ್ದು ಎರಡು, ಆದರೆ ಮೈ ಇಷ್ಟು ಹಗುರಾಗಿರುವಾಗ ಎರಡೇಕೆ? ಶುಗರ್ ನೋಡುವ ಮೀಟರು ಬೀರುವಿನಲ್ಲಿ ಹಾಯಾಗಿ ನಿದ್ದೆ ಮಾಡುತ್ತಿದೆ. ಸ್ಟ್ರಿಪ್ ಮುಗಿದು ತಿಂಗಳಾಯಿತು. ತರಬೇಕು… ತರೋಣ.

ಬರೆಯಲು ಕೂತದ್ದು ಅದಕ್ಕಲ್ಲ. ಇದನ್ನು ಕನ್ನಡಕವಿಲ್ಲದೆ ಬರೆಯುತ್ತಿದ್ದೇನೆ. ಐವತ್ತಮೂರನೇ ವಯಸ್ಸಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಬಂದು ಮುಂದೆ ನಿಂತಿವೆ. ಅಂಗೈ ಗೆರೆ ಕಾಣುತ್ತಿದೆ. ಬೆಳಗ್ಗೆ ಎಚ್ಚರವಾದಾಗ ದಿಂಬಿನ ಮೇಲೆ ಇವರ ಮುಖ — ಹುಬ್ಬಿನಲ್ಲಿ ಬಿಳಿ ಕೂದಲು, ಮೂಗಿನ ಪಕ್ಕ ಸಣ್ಣ ಮಚ್ಚೆ. ಆ ಮಚ್ಚೆ ಇರುವುದೇ ಮರೆತುಹೋಗಿತ್ತು. ಎಷ್ಟೋ ಹೊತ್ತು ನೋಡುತ್ತ ಮಲಗಿದ್ದೆ.

ಇವರು ಒಂದು ಕಣ್ಣು ಬಿಟ್ಟು, "ಏನೇ, ಮಾರೋಕೆ ಇಟ್ಟಿರೋ ಎಮ್ಮೆ ನೋಡೋ ಹಾಗೆ ನೋಡ್ತಿದ್ದೀಯ?" ಎಂದರು.

"ಯಾರೂ ಕೊಳ್ಳಲ್ಲ, ಮಲ್ಕೊಳ್ಳಿ" ಎಂದೆ.

ಮಾರ್ಚ್ 6

ಅಂಗಡಿ. ಅಣ್ಣನದೇ ಕನ್ನಡಕದ ಅಂಗಡಿ, ಅಣ್ಣನದು ಗಲ್ಲಾದ ಹಿಂದೆ ಕೂತು ಮಾತು. ನಂಬರು ನೋಡುವುದು, ಲೆನ್ಸ್ ಉಜ್ಜುವುದು, ಫ್ರೇಮಿಗೆ ಕೂರಿಸುವುದು ಎಲ್ಲ ನನ್ನ ತಲೆಗೇ. ಇವತ್ತು ಸಾಸಿವೆಯಷ್ಟು ಸ್ಕ್ರೂವನ್ನು ಬರಿಗಣ್ಣಲ್ಲಿ ಬಿಗಿ ಮಾಡಿ ತೋರಿಸಿದೆ.

ಅಣ್ಣ ಹೇಳಿದ: "ಎಲ್ರೂ ನಿನ್ನ ಹಾಗೆ ಕನ್ನಡಕ ಬಿಟ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಾಗುತ್ತೆ ತಾಯಿ."

ದೂರದ್ದು ಮಾತ್ರ ಕರಗಿದೆ. ಎದುರು ಸಾಲಿನ ಬೋರ್ಡುಗಳು ಬರೀ ಬಣ್ಣ. ಸಂಜೆಯ ದೀಪಗಳು ಹತ್ತಿಯ ಉಂಡೆಗಳು. ಜನ ನಡೆಯುವುದಿಲ್ಲ, ತೇಲಿ ಬರುತ್ತಾರೆ, ಹತ್ತಿರವಾದ ಮೇಲೆ ಮೆಲ್ಲಗೆ ಮುಖ ಮೂಡುತ್ತದೆ… ಚೆಂದ. ಮನೆಗೆ ಬಂದು ಕಿಟಕಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ದೂರದ್ದು ಸರಿಯಾಗಿ ಕಂಡು ನನಗೇನಾಗಬೇಕು?

ಬಾಯಾರಿಕೆ ವಿಪರೀತ. ಸೆಕೆ ಇರಬೇಕು.

ಮಾರ್ಚ್ 15, ಮಧ್ಯಾಹ್ನ

ಡ್ರಾಯಿಂಗ್ ಮೇಷ್ಟ್ರು ಬಂದಿದ್ದರು. ಯಾರೇ ಬರಲಿ, ಯಂತ್ರದ ಮುಂದೆ ಕೂರಿಸುವ ಮೊದಲು ನಾನು ಕೇಳುವುದು ಒಂದೇ ಮಾತು — "ಶುಗರ್ ಇದೆಯಾ?" ಕೇಳದೆ ನಂಬರು ಕೊಟ್ಟವಳಲ್ಲ.

"ಇದೆಯಮ್ಮ. ಆದ್ರೆ ಈಗ ಕಣ್ಣು ಸುಧಾರಿಸಿಬಿಟ್ಟಿದೆ. ಪೇಪರ್ ಓದೋಕೆ ಕನ್ನಡಕವೇ ಬೇಡ. ದೂರದ್ದಕ್ಕೆ ಒಂದು ಮಾಡ್ಕೊಡು, ಸಾಕು."

ಫ್ರೇಮಿನಿಂದ ತಲೆ ಎತ್ತದೆ ಹೇಳಿದೆ, ಬಾಯಿಪಾಠ: "ಅದು ಸುಧಾರಿಸಿದ್ದಲ್ಲ ಸರ್, ಶುಗರ್ ಏರಿರೋದು. ಏರಿದಾಗ ಕಣ್ಣಿನೊಳಗಿನ ಲೆನ್ಸ್ ಊದಿಕೊಳ್ಳುತ್ತೆ. ಹತ್ತಿರದ್ದು ಚೆನ್ನಾಗಿ ಕಾಣುತ್ತೆ, ದೂರದ್ದು ಮಂಜಾಗುತ್ತೆ. ಮೊದ್ಲು ಡಾಕ್ಟರ್ ಹತ್ರ ಹೋಗಿ. ಇಳಿದ ಮೇಲೆ ಬನ್ನಿ, ಆಗ ನಂಬರು ನೋಡ್ತೀನಿ."

ಹೇಳಿ ಮುಗಿಸಿದವಳು ಹಾಗೇ ಕೂತೆ. ಕೈಯಲ್ಲಿ ಸ್ಕ್ರೂ ಡ್ರೈವರ್. ಮೂಗಿನ ಮೇಲೆ ಕನ್ನಡಕವಿಲ್ಲ.

ಇಷ್ಟು ವರ್ಷ ಊರಿಗೆಲ್ಲ ಕೇಳಿದೆ. ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ನಾಚಿಕೆಯಾಯಿತು.

ಬರುವಾಗ ಸ್ಟ್ರಿಪ್ ತಂದೆ. 318. ಕೈ ತೊಳೆದು ಮತ್ತೆ ಚುಚ್ಚಿಕೊಂಡೆ. 311. ಚೌಕಾಸಿ ಮಾಡಿದ್ದಕ್ಕೆ ಏಳು ಬಿಟ್ಟಿತು.

ಮಾರ್ಚ್ 17

ಕಣ್ಣಿನ ಡಾಕ್ಟರ್ ಇನ್ನೂ ಹುಡುಗಿ. ಹನಿ ಹಾಕಿ, ಕಣ್ಣಿನ ಹಿಂದಿನ ಪರದೆಯ ಫೋಟೋ ತೆಗೆದಳು. ಕಿತ್ತಳೆ ಬಣ್ಣದ ಚಂದ್ರನ ಹಾಗಿತ್ತು. ಅದರ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ.

"ಈಗ ಹಿಡಿತಕ್ಕೆ ತಂದ್ರೆ ಇಷ್ಟಕ್ಕೇ ನಿಲ್ಲಬಹುದು ಆಂಟಿ. ಹೀಗೇ ಬಿಟ್ರೆ ಮುಂದೆ ಹತ್ತಿರದ್ದೂ ಇಲ್ಲ, ದೂರದ್ದೂ ಇಲ್ಲ."

ಎರಡು ಮಾತ್ರೆ ಪೂರ್ತಿ ನುಂಗಬೇಕು. ಜೊತೆಗೆ ಶುಗರ್ ಡಾಕ್ಟರ್ ಬರೆದ ಹೊಸದೊಂದು. ದಿನಾ ನಡಿಗೆ. ತಟ್ಟೆಯಲ್ಲಿ ಅರ್ಧ ತರಕಾರಿ. ಜೂನಿನಲ್ಲಿ ಮತ್ತೆ ಫೋಟೋ.

"ಹಾಗಾದ್ರೆ ನನ್ನ ಈ ಹತ್ತಿರದ ಕಣ್ಣು?"

"ಅದು ಹೋಗುತ್ತೆ. ಹೋದ್ರೇ ಒಳ್ಳೇದು."

ಒಳ್ಳೇದಂತೆ. ಅವಳಿಗೇನು, ಇಪ್ಪತ್ತೆಂಟರ ಕಣ್ಣು. ಇವರಿಗೆ ಶುಗರ್ ಸ್ವಲ್ಪ ಏರಿದೆ ಎಂದಷ್ಟೇ ಹೇಳಿದೆ.

ಏಪ್ರಿಲ್ 2

ಅಕ್ಷರ ಕದಲುತ್ತಿವೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 160. ಮೀಟರು ಬೆನ್ನು ತಟ್ಟುತ್ತಿದೆ, ಕಣ್ಣು ಮುನಿಸಿಕೊಂಡಿದೆ. ದಿಂಬಿನ ಮೇಲಿನ ಮುಖ ನೀರಿನಡಿಗೆ ಹೋದಂತಾಯಿತು. ಮಚ್ಚೆ ಮುಳುಗಿತು.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಒಂದು ಮಚ್ಚೆಗೆ ಯಾರಾದರೂ ಅಳುತ್ತಾರೆಯೇ.

ಏಪ್ರಿಲ್ 5

ಮಾತ್ರೆ ನುಂಗಲಿಲ್ಲ. ಒಂದು ದಿನಕ್ಕೇನಾಗುತ್ತದೆ.

ಏಪ್ರಿಲ್ 13

ಮಾತ್ರೆಗಳೆಲ್ಲ ಕಿಟಕಿಯ ಹೂಕುಂಡದ ಮಣ್ಣಿನಲ್ಲಿ. ಅಕ್ಷರ ವಾಪಸು ಬರುತ್ತಿವೆ, ಮಚ್ಚೆಯೂ. ಬಾಯಾರಿಕೆಯೂ. ಗೊತ್ತಿದ್ದೂ ಮಾಡುತ್ತಿದ್ದೇನೆ. ಹೆದರಿಕೆಯಾಗುತ್ತದೆ, ಆ ಕೆಂಪು ಚುಕ್ಕೆಗಳು ಕಣ್ಣಮುಂದೆ ಬರುತ್ತವೆ. ಆದರೆ ಬೆಳಗಿನ ಆ ಹೊತ್ತು — ಕನಸು ಇನ್ನೂ ಸ್ವಲ್ಪ ಉಳಿದಿದೆ ಅನ್ನಿಸುವ ಹೊತ್ತು… ಅದನ್ನು ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ. ನಾಳೆಯಿಂದ ಶುರು ಮಾಡೋಣ.

ಏಪ್ರಿಲ್ 14, ಸಂಜೆ

ಇವರು ಬಸ್ ಡಿಪೋದಿಂದ ಬಂದವರು ಶೂ ಬಿಚ್ಚುತ್ತ ಕೇಳಿದರು: "ನನ್ನ ಮೇಲೆ ಏನಾದ್ರೂ ಬೇಜಾರಾ?"

"ಯಾಕ್ರೀ?"

"ದಿನಾ ರಸ್ತೆ ತಿರುವಿನಲ್ಲಿ ಕೈ ಬೀಸ್ತೀನಿ. ನೀನು ಕಿಟಕೀಲೇ ಕೂತಿರ್ತೀಯ, ನನ್ನ ಕಡೆಗೇ ನೋಡ್ತಿರ್ತೀಯ. ಕೈ ಎತ್ತಲ್ಲ. ತಿಂಗಳ ಮೇಲಾಯ್ತು. ನಡುವೆ ನಾಲ್ಕು ದಿನ ಎತ್ತಿದೆ. ಮತ್ತೆ ನಿಲ್ಲಿಸ್ಬಿಟ್ಟೆ."

"ಕೇಳಬಾರದಿತ್ತಾ?"

"ಏನೋ ಕಾರಣ ಇರುತ್ತೆ ಅಂದ್ಕೊಂಡೆ. ಬೀಸೋದು ಮಾತ್ರ ಬಿಡಲಿಲ್ಲ."

ಮಚ್ಚೆ ನೋಡುವ ಆಸೆಯಲ್ಲಿ ಇಡೀ ಮನುಷ್ಯನನ್ನೇ ಬೀದಿಯಲ್ಲಿ ಬಿಟ್ಟಿದ್ದೆ. ಎಲ್ಲ ಹೇಳಿದೆ — ಚುಕ್ಕೆ, ಡಾಕ್ಟರ್ ಮಾತು, ಬೆಳಗಿನ ಮುಖ. ಕರೆದುಕೊಂಡು ಹೋಗಿ ಕುಂಡವನ್ನೂ ತೋರಿಸಿದೆ.

ಮಣ್ಣು ಕೆದಕಿ ನೋಡಿದರು. ಅರ್ಧ ಕರಗಿದ ಒಂದು ಮಾತ್ರೆ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡರು. ಆಮೇಲೆ, "ಈ ಗಿಡಕ್ಕಂತೂ ಇನ್ನು ಶುಗರ್ ಬರಲ್ಲ ಬಿಡು" ಎಂದರು.

ನಕ್ಕೆ. ಇವರು ನಗಲಿಲ್ಲ. "ಮುಖ ನೋಡೋಕೆ ಕನ್ನಡಕ ಹಾಕ್ಕೋ ಕಣೆ. ಅಂಗಡಿ ತುಂಬ ಇವೆಯಲ್ಲ. ಕಣ್ಣೇ ಹೋದ್ರೆ ನಾನೇನು ಮಾಡ್ಲಿ?"

ಮಾತ್ರೆ ನುಂಗಿದೆ. ಎದುರಿಗೇ ನಿಂತು ನೋಡಿದರು.

ಮೇ 20

ಬೆಳಗ್ಗೆ 118. ಕನ್ನಡಕ ಈಗ ದಿಂಬಿನ ಪಕ್ಕದಲ್ಲೇ ಮಲಗುತ್ತದೆ. ಒಂದು ದಿನ ಮೈಮರೆತು ಅದರ ಮೇಲೇ ಹೊರಳಿದೆ, ಫ್ರೇಮಿನ ಕಾಲು ಮುರಿಯಿತು. ಅಣ್ಣನಿಗೆ ಖುಷಿಯೋ ಖುಷಿ, ಅಂಗಡಿ ಉಳಿಯಿತಂತೆ. ಸಂಜೆ ಇಬ್ಬರೂ ನಡೆಯುತ್ತೇವೆ. ಬೋರ್ಡುಗಳಿಗೆ ಅಕ್ಷರ ಬಂದಿವೆ. ಎಲ್ಲ ಕಾಣುತ್ತದೆ, ಸ್ವಲ್ಪ ಬೇಜಾರೂ ಆಗುತ್ತದೆ.

ಜೂನ್ 19, ಕಣ್ಣಾಸ್ಪತ್ರೆ

ಫೋಟೋ ಆಯಿತು. ಕಾಯುವ ಬೆಂಚು. ಹನಿ ಹಾಕಿದ್ದಾರೆ, ಬರೆದದ್ದು ನನಗೇ ಕಾಣುತ್ತಿಲ್ಲ, ಸಾಲು ಎಲ್ಲಿಗೆ ಹೋಗುತ್ತಿದೆಯೋ. ಕಾರಿಡಾರಿನ ಬೆಳಕೆಲ್ಲ ಹಾಲು ಚೆಲ್ಲಿದ ಹಾಗೆ. ಜನ ಮತ್ತೆ ತೇಲುತ್ತಿದ್ದಾರೆ. ಚುಕ್ಕೆ ಅಷ್ಟೇ ಇರಲಿ, ಕಡಿಮೆಯಾಗದಿದ್ದರೂ ಅಷ್ಟೇ ಇರಲಿ.

ಇವರು ಕೇಳಿಕೊಂಡು ಬರುತ್ತೇನೆಂದು ಒಳಗೆ ಹೋಗಿದ್ದಾರೆ. ಹೊತ್ತಾಯಿತು. ಅಷ್ಟು ಹೊತ್ತು ಏನು ಮಾತು…

ಆ ತುದಿಯಲ್ಲಿ ಬಾಗಿಲು ತೆರೆಯಿತು. ಬಿಳಿ ಬೆಳಕಿನಲ್ಲಿ ಯಾರೋ. ಕೈ ಎತ್ತಿದ ಹಾಗಿದೆ. ಇವರೋ, ಆಸ್ಪತ್ರೆಯವರೋ, ಯಾರನ್ನು ಕರೆಯುತ್ತಿದ್ದಾರೋ. ಯಾರಾದರೂ ಆಗಲಿ, ನಾನೂ ಕೈ ಎತ್ತಿದೆ. ಇಳಿಸಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು. ಎಡಗೈ ಮೇಲೆ, ಬಲಗೈಯಲ್ಲಿ ಪೆನ್ನು. ಆಕಾರ ಬೇಗ ಬೇಗ ಬರುತ್ತಿದೆ, ಅದೇ ನಡಿಗೆ, ಇವರೇ, ಈಗ ಓಡುತ್ತಿದ್ದಾ—