ಬೆಳ್ಳಗೇ ಉಳಿದ ಪಟ್ಟಿ

ಭಾನುವಾರ, ಮಾರ್ಚ್ ೯
ಆರಾಧನೆ ಮುಗಿಸಿ ಬಂದ ಮೇಲೆ

ಪ್ರೀತಿಯ ಅಮ್ಮನಿಗೆ, ನಿನ್ನ ಚಿಕ್ಕ ಮಗಳ ಮುತ್ತು.

ಈ ಕಾಗದ ನಿನ್ನ ಕೈಸೇರುವ ಮೊದಲೇ ದೊಡ್ಡಮ್ಮ ಫೋನಿನಲ್ಲಿ ಎಲ್ಲವನ್ನೂ ಹೇಳಿರುತ್ತಾಳೆ. ನಾನು ಅವಳ ಬೆನ್ನಿಗೆ ಚೂರಿ ಹಾಕಿದೆ ಎಂದೂ ಹೇಳಿರಬಹುದು. ನಿನ್ನ ಅಕ್ಕನ ಮಾತನ್ನು ನೀನು ಯಾವತ್ತೂ ತೆಗೆದುಹಾಕಿದವಳಲ್ಲ. ಆದರೂ ನನ್ನದನ್ನೂ ಒಮ್ಮೆ ಓದು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾವು ಐದು ಜನ ಹೆಂಗಸರು ದಿನವಿಡೀ ಏನು ಮಾಡುತ್ತೇವೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ಆಪರೇಷನ್‌ಗೆ ಬೇಕಾದ ಕತ್ತರಿ, ಚಿಮಟಗಳನ್ನು ತೊಳೆದು, ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ, ಉಗಿಯ ಯಂತ್ರದಲ್ಲಿ ಬೇಯಿಸುತ್ತೇವೆ. ನಿನ್ನ ಕುಕ್ಕರಿನ ದೊಡ್ಡಣ್ಣ ಎಂದುಕೋ. ಪ್ರತಿ ಗಂಟಿನ ಒಳಗೂ ಒಂದು ಕಾಗದದ ಪಟ್ಟಿ ಇಡುತ್ತೇವೆ. ಉಗಿ ಅಲ್ಲಿಯವರೆಗೂ ತಲುಪಿದರೆ ಪಟ್ಟಿ ಕಪ್ಪಾಗುತ್ತದೆ. ಬೆಳ್ಳಗೇ ಉಳಿದರೆ ಗಂಟಿನೊಳಗೆ ರೋಗಾಣು ಇನ್ನೂ ಇರಬಹುದು ಎಂದರ್ಥ. ಆ ಕೋಣೆಯ ಯಜಮಾನಿ ದೊಡ್ಡಮ್ಮ. ನನ್ನನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ, ಎಲ್ಲದಕ್ಕೂ ಹೂಂ ಎನ್ನುತ್ತೇನೆಂದು ‘ಹೂಂಪುಟ್ಟಿ’ ಎಂದು ಹೆಸರಿಟ್ಟವಳೂ ಅವಳೇ.

ಮಂಗಳವಾರ ಅವಳಿಗೆ ಬೇಗ ಹೋಗಬೇಕಿತ್ತು, ಮಗನ ಮದುವೆಯ ಬಟ್ಟೆ ತರಲು. ಎರಡು ಸಲಕ್ಕೆ ಬೇಯಿಸಬೇಕಾದ ಗಂಟುಗಳನ್ನು ಒಂದೇ ಸಲಕ್ಕೆ ತುರುಕಿದಳು. ಮಧ್ಯಾಹ್ನ ಒಂದು ಗಂಟು ಬಿಟ್ಟು ಉಳಿದವೆಲ್ಲ ಮೇಲಿನ ಮಹಡಿಗೆ ಹೋದವು, ಮರುದಿನ ಬೆಳಗಿನ ಆಪರೇಷನ್‌ಗಳಿಗೆ. ಆ ಕೊನೆಯ ಗಂಟನ್ನು ಎತ್ತುವಾಗ ಅದರ ಬಟ್ಟೆ ತಳ್ಳುಗಾಡಿಯ ಮೊಳೆಗೆ ಸಿಕ್ಕಿ ಹರಿಯಿತು. ಹರಿದದ್ದನ್ನು ಬಿಚ್ಚಿ ಮತ್ತೆ ಕಟ್ಟಲೇಬೇಕು. ಬಿಚ್ಚಿದರೆ ಒಳಗಿನ ಪಟ್ಟಿ ಹಾಲಿನ ಹಾಗೆ ಬೆಳ್ಳಗಿತ್ತು.

ದೊಡ್ಡಮ್ಮನಿಗೆ ತೋರಿಸಿದೆ. ಅವಳು ಅದನ್ನು ಮಡಚಿ ಕಸದ ಬುಟ್ಟಿಗೆ ಹಾಕಿ, ‘ಒಂದು ಪಟ್ಟಿ ಕೆಟ್ಟಿರತ್ತೆ ಬಿಡೇ, ಊರಿಗೆಲ್ಲಾ ಡಂಗುರ ಸಾರ್ಬೇಡ’ ಎಂದಳು. ಉಳಿದ ಮೂವರೂ ಅವಳ ಕಡೆಗೇ ನಿಂತರು. ಹೇಳಿದರೆ ಎಲ್ಲರ ಮೇಲೂ ಬರುತ್ತದೆ, ನಾಳೆಯಿಂದ ನಮ್ಮ ಜೊತೆ ಊಟಕ್ಕೆ ಕೂರಬೇಡ ಎಂದಳು ಬಟ್ಟೆ ಮಡಚುವವಳು. ದೊಡ್ಡಮ್ಮ ಚೀಲ ಹೆಗಲಿಗೇರಿಸಿ ಹೊರಡುವಾಗ, ಬಾಯಿ ಬಿಟ್ಟರೆ ಅಣ್ಣನ ಮದುವೆಗೆ ನೀನೂ ಬರಬೇಡ, ನಿಮ್ಮಮ್ಮನನ್ನೂ ಕರೆಯುವುದಿಲ್ಲ ಎಂದಳು.

ಮೊಣಕಾಲೂರಿ ಪ್ರಾರ್ಥಿಸುವುದನ್ನು ಕಲಿಸಿದವಳು ನೀನು. ದೊಡ್ಡವರಿಗೆ ಎದುರು ಮಾತಾಡಬಾರದೆಂದು ಕಲಿಸಿದವಳೂ ನೀನೇ. ಅವತ್ತು ಎರಡೂ ಒಟ್ಟಿಗೆ ನಡೆಯಲಿಲ್ಲ. ಬಟ್ಟೆಯ ಉಗ್ರಾಣಕ್ಕೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಮೊಣಕಾಲೂರಿದೆ. ಮೊದಲು ಬೇಡಿದ್ದು ಏನು ಗೊತ್ತೇ? ತಂದೆಯೇ, ಆ ಪಟ್ಟಿಯೇ ಕೆಟ್ಟದ್ದಾಗಿರಲಿ ಎಂದು. ನನಗೇ ನಗು ಬಂತು. ಕಣ್ಣು ಮುಚ್ಚಿದರೆ ಬರೀ ಮುಖಗಳು, ದೊಡ್ಡಮ್ಮನದು, ಅಣ್ಣನದು, ನಿನ್ನದು. ಆಮೇಲೆ ಯೇಸುವನ್ನು ನೆನೆದೆ. ತನ್ನವರೇ ಮುಖ ತಿರುಗಿಸಿದಾಗಲೂ ಆತ ಹಿಂದೆ ಸರಿಯಲಿಲ್ಲವಲ್ಲ. ಇವರೆಲ್ಲ ನನ್ನನ್ನು ಬಿಟ್ಟರೂ ನೀನು ಬಿಡುವುದಿಲ್ಲ ತಾನೇ ಸ್ವಾಮೀ ಎಂದು ಕೇಳಿದೆ. ಆಕಾಶವೇನೂ ತೆರೆಯಲಿಲ್ಲ, ಭಯವೂ ಹೋಗಲಿಲ್ಲ. ಆದರೆ ಆ ಭಯಕ್ಕೂ ನಾನು ಹೂಂ ಎನ್ನಬೇಕಾಗಿಲ್ಲ ಎಂದು ತಿಳಿಯಿತು. ನಾಳೆ ಆಪರೇಷನ್ ಮೇಜಿನ ಮೇಲೆ ಮಲಗುವವರನ್ನು ನಾನು ನೋಡಿಲ್ಲ, ಆತ ಬಲ್ಲ. ಅಷ್ಟು ಸಾಕಾಯಿತು.

ಬುಟ್ಟಿಯಿಂದ ಪಟ್ಟಿಯನ್ನು ಹೆಕ್ಕಿಕೊಂಡು ಮೆಟ್ಟಿಲು ಹತ್ತಿದೆ. ಹೆಡ್ ನರ್ಸ್ ಮುಂದೆ ಮಾತು ತೊದಲಿತು, ಆದರೂ ಹೇಳಿ ಮುಗಿಸಿದೆ. ಅವರು ಗಂಟುಗಳನ್ನೆಲ್ಲ ವಾಪಸು ತರಿಸಿ ಬಿಚ್ಚಿಸಿದರು. ಇನ್ನೂ ಒಂಬತ್ತರಲ್ಲಿ ಪಟ್ಟಿ ಬೆಳ್ಳಗಿತ್ತು. ಬೆಳಗಿನ ಆಪರೇಷನ್‌ಗಳು ಮಧ್ಯಾಹ್ನಕ್ಕೆ ಹೋದವು, ಸರ್ಜನ್ ಕೂಗಾಡಿದರು. ರೋಗಿಗಳಿಗೆ ಏನೂ ಆಗಲಿಲ್ಲ, ಹಾಗಾಗಿ ನನಗೆ ಶಭಾಸ್ ಎಂದವರೂ ಇಲ್ಲ.

ದೊಡ್ಡಮ್ಮನ ಕೆಲಸ ಹೋಗಿಲ್ಲ, ಯಜಮಾನಿಕೆ ಹೋಗಿದೆ. ನನ್ನನ್ನು ಕಂಡರೆ ಗೋಡೆ ಕಂಡಂತೆ ದಾಟಿ ಹೋಗುತ್ತಾಳೆ. ಊಟದ ಡಬ್ಬಿಯನ್ನು ಈಗ ಒಬ್ಬಳೇ ಬಿಚ್ಚುತ್ತೇನೆ. ಗುರುವಾರ ಅಳು ಬಂತು. ಶುಕ್ರವಾರ ಹಸಿವಾಗಿತ್ತು, ಉಂಡೆ.

ನಿನ್ನನ್ನು ಮದುವೆಗೆ ಕರೆಯದೆ ಹೋದರೆ ಅದು ನನ್ನಿಂದಲೇ. ಅದೊಂದು ನನ್ನನ್ನು ಬಿಡದೆ ಕಾಡುತ್ತಿದೆ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆ, ಬರೆಯದೆ ಮಾತ್ರ ಇರಬೇಡ. ನಿನ್ನ ಪ್ರಾರ್ಥನೆಯಲ್ಲಿ ನನಗಿಂತ ಮೊದಲು ದೊಡ್ಡಮ್ಮನನ್ನು ನೆನೆ.

ನಿನ್ನ
ಚಿಕ್ಕವಳು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಯಂತ್ರವನ್ನು ಒಬ್ಬರು ತುಂಬಿದರೆ ಇನ್ನೊಬ್ಬರು ಒಳಗೆ ನೋಡಿ, ಸರಿಯಿದೆ ಎಂದು ಕಾರ್ಡಿಗೆ ಸಹಿ ಹಾಕಬೇಕು. ಆಮೇಲೆಯೇ ಬಾಗಿಲು ಮುಚ್ಚುವುದು. ಮಂಗಳವಾರದ ಸಹಿ ನನ್ನದು. ದೊಡ್ಡಮ್ಮ ತುಂಬಿದ್ದನ್ನು ನಾನು ಇಣುಕಿ ನೋಡಿದರೆ ಅವಳಿಗೆ ಅವಮಾನವೆಂದು, ಎರಡು ವರ್ಷದಿಂದ ಬೆಳಿಗ್ಗೆಯೇ ಖಾಲಿ ಕಾರ್ಡುಗಳಿಗೆಲ್ಲ ಸಹಿ ಹಾಕಿಡುತ್ತಿದ್ದೆ. ಹೆಡ್ ನರ್ಸ್‌ಗೆ ಮೊದಲು ಹೇಳಿದ್ದು ಇದನ್ನೇ, ದೊಡ್ಡಮ್ಮನ ವಿಷಯ ಆಮೇಲೆ. ನನ್ನನ್ನೂ ಯಂತ್ರದ ಬಳಿಯಿಂದ ತೆಗೆದು ತೊಳೆಯುವ ತೊಟ್ಟಿಯ ಕೆಲಸಕ್ಕೆ ಹಾಕಿದ್ದಾರೆ. ಅವರಿಗೆ ಅದೇ ದಿನ ಹೇಳಿಬಿಟ್ಟೆ ಅಮ್ಮಾ, ನಿನಗೆ ಹೇಳಲು ಐದು ದಿನ ಬೇಕಾಯಿತು.